ನೆಲ ಒಣಗುವಷ್ಟು ಹೊತ್ತು

ವರಮಹಾಲಕ್ಷ್ಮಿ ಹಬ್ಬ ಬರುವುದು ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ. ಸೀರೆ ವ್ಯಾಪಾರ ಕುದುರುವುದೂ ಮಳೆ ಹಿಡಿದುಕೊಳ್ಳುವುದೂ ಒಟ್ಟಿಗೇ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆ ವಾರ ಕಾಲಿಡಲು ಜಾಗವಿರುವುದಿಲ್ಲ. ಕೊಡೆಗಳು ತೊಟ್ಟಿಕ್ಕುತ್ತಿರುತ್ತವೆ, ಚಪ್ಪಲಿಯ ಅಟ್ಟೆಗೆಲ್ಲ ಕೆಸರು. ಒಳಗೆ ಗಾದಿಯ ಮೇಲೆ ಬಿಳಿಯ ಹಾಸು, ಅದರ ಮೇಲೆ ಹರಡಿದ ರೇಷ್ಮೆ. ಬಾಗಿಲಿಗೂ ಗಾದಿಗೂ ನಡುವೆ ನಾಲ್ಕು ಮಾರು ನೆಲ. ಅಂಗಡಿಯ ಮರ್ಯಾದೆ ನಿಂತಿರುವುದು ಆ ನಾಲ್ಕು ಮಾರಿನ ಮೇಲೆ ಎಂದು ನನ್ನ ನಂಬಿಕೆ.

ಅಲ್ಲೊಬ್ಬ ಹೆಂಗಸು ಮಾಪು ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿರುತ್ತಾಳೆ. ಜನ ಸರಿದ ಕ್ಷಣ ಒರೆಸುತ್ತಾಳೆ. ಒರೆಸಿದ್ದು ಆರುವ ಮೊದಲೇ ಇನ್ನೊಂದು ಸಂಸಾರ ಒಳಗೆ ಬರುತ್ತದೆ. ಒಣ ನೆಲದಲ್ಲಿ ಬರೀ ಧೂಳಾಗಿ ಉಳಿಯುತ್ತಿದ್ದದ್ದು ಈಗ ಹೆಜ್ಜೆ ಹೆಜ್ಜೆಗೂ ಕೆಸರಿನ ಮುದ್ರೆಯಾಗುತ್ತದೆ. ಗಲ್ಲಾದ ಕಡೆಯಿಂದ ಕೂಗು: "ಅಲ್ಲಿ ನೋಡಮ್ಮ, ಇನ್ನೊಂದ್ಸಲ ಒರೆಸು." ಮತ್ತೆ ನೀರು, ಅದೂ ಅದೇ ಬಕೆಟ್ಟಿನ ಕಪ್ಪು ನೀರು. ಸೀಸನ್ನಿನಲ್ಲಿ ನೆಲವನ್ನು ಹೆಚ್ಚು ಕೆಡಿಸುವುದು ಈ ಅವಸರದ ನೀರು. ಶ್ರಾವಣದ ತೇವದ ಗಾಳಿಯಲ್ಲಿ ಅದು ಬೇಗ ಆರುವುದೂ ಇಲ್ಲ.

ಬಲ್ಲವರು ನೆಲವನ್ನು ಬಾಗಿಲಲ್ಲೇ ಕಾಯುತ್ತಾರೆ. ಹೊರಗೊಂದು ಒರಟು ನಾರಿನ ಚಾಪೆ, ಒಳಗೆ ನೀರು ಹೀರುವ ಇನ್ನೊಂದು. ಎರಡೂ ಕಾಲು ಎರಡೆರಡು ಸಲ ಊರುವಷ್ಟು ಉದ್ದವಿರಬೇಕು; 'ಸುಸ್ವಾಗತ' ಎಂದು ಬರೆದ ತುಂಡು ಚಾಪೆಯನ್ನು ಜನ ದಾಟಿಕೊಂಡೇ ಬರುತ್ತಾರೆ. ಕಾಲಿಗಂಟಿ ಬರುವ ಮರಳಿನಲ್ಲಿ ಬಹುಪಾಲು ಸ್ಫಟಿಕದ ಕಣ. ಮೋಸ್ ಅಳತೆಯಲ್ಲಿ ಅದರ ಗಡಸುತನ 7, ಅಮೃತಶಿಲೆಯದು ಸುಮಾರು 3. ಒದ್ದೆ ಬಟ್ಟೆಯಲ್ಲಿ ಆ ಮರಳನ್ನೇ ಎಳೆದಾಡಿದರೆ ನೆಲದ ಹೊಳಪು ಒಂದೆರಡು ಹಬ್ಬಕ್ಕೆ ಮುಗಿಯಿತು. ಅದಕ್ಕೇ ಮೊದಲು ಒಣಗಿದ್ದಾಗಲೇ ಗುಡಿಸಬೇಕು, ನೀರು ಆಮೇಲೆ.

ದರ್ಶಿನಿಗಳ ಪಾಡು ಬೇರೆ. ಅಲ್ಲಿ ಬೀಳುವುದು ಎಣ್ಣೆ. ವಡೆಯ ತುಂಡು ಯಾರದೋ ಕಾಲಿಗೆ ಸಿಕ್ಕು ಕೈತೊಳೆಯುವ ಜಾಗದವರೆಗೂ ಹೋಗುತ್ತದೆ. ತಣ್ಣೀರಿಗೆ ಜಿಡ್ಡು ಹರಡುತ್ತದೆಯೇ ಹೊರತು ಬಿಡುವುದಿಲ್ಲ. ಬಿಸಿನೀರು, ಸೋಪು ಬೇಕೇ ಬೇಕು.

ನೆಲಕ್ಕೆ ನಿಜವಾದ ಪರೀಕ್ಷೆ ಆಯುಧಪೂಜೆಯದು. ಮಹಾನವಮಿಯ ದಿನ ತಕ್ಕಡಿ, ಗಲ್ಲಾಪೆಟ್ಟಿಗೆ, ಕಂಪ್ಯೂಟರು, ಷಟರಿನ ಬೀಗ ಎಲ್ಲಕ್ಕೂ ಅರಿಸಿನ ಕುಂಕುಮ. ಹೊಸ್ತಿಲಲ್ಲಿ ಹೋಳು ಮಾಡಿ ಕುಂಕುಮ ಸವರಿದ ನಿಂಬೆಹಣ್ಣು, ಹೊರಗೆ ಒಡೆದ ಬೂದುಗುಂಬಳ. ಮರುದಿನ ಸೋಪಿನ ನೀರು ಹಾಕಿದೊಡನೆ ಅರಿಸಿನದ ಹಳದಿ ಕಲೆ ಕೆಂಪಗೆ ತಿರುಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದಕ್ಕೂ ಕಾರಣ ಇದೇ, ಕ್ಷಾರದ ಸಹವಾಸ. ಗಾಬರಿಯಾಗಿ ಇನ್ನಷ್ಟು ಉಜ್ಜಿದರೆ ಬಣ್ಣ ಕಲ್ಲಿನೊಳಕ್ಕೆ ಇಳಿಯುತ್ತದೆ. ಪುಡಿಯನ್ನು ಒಣಗಿದ್ದಾಗಲೇ ಗುಡಿಸಿ ತೆಗೆದು, ಉಳಿದದ್ದನ್ನು ಬಿಸಿಲಿಗೆ ಬಿಟ್ಟರೆ ಅರಿಸಿನ ತಾನಾಗಿ ಮಾಸುತ್ತದೆ. ಕೃತಕ ಬಣ್ಣದ ಕುಂಕುಮ ಹಾಗೆ ಹೋಗುವುದಲ್ಲ. ಅದನ್ನು ತಟ್ಟೆಯಲ್ಲೋ ಬಾಳೆ ಎಲೆಯ ಮೇಲೋ ಇಡುವುದೇ ಜಾಣತನ.

ನಿಂಬೆಹಣ್ಣಿನ ಗುರುತು ಇನ್ನೂ ಹಟಮಾರಿ. ಹಳೆಯ ಅಂಗಡಿಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಕಲಬುರಗಿ ಜಿಲ್ಲೆಯ ನೆಲದಿಂದ ಬಂದದ್ದು. ಹುಳಿ ತಾಗಿದರೆ ಅದು ಸವೆಯುತ್ತದೆ, ಹೋಳು ಇಟ್ಟಷ್ಟು ಜಾಗ ಮಂಕಾಗುತ್ತದೆ. ಆ ಕಲೆ ತೆಗೆಯಲೆಂದು ಬಚ್ಚಲಿಗೆ ಹಾಕುವ ಆಸಿಡ್ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಲ್ಲು ಹೋಗುವುದಿರಲಿ, ಬಗ್ಗಿ ಉಜ್ಜುವವಳ ಮೂಗಿಗೆ, ಬರಿಗೈಗೆ ಆ ಹೊಗೆ, ಆ ಉರಿ. ಬೂದುಗುಂಬಳದ ತಿರುಳಂತೂ ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರ ಪಾಲಿಗೆ ಬರುತ್ತದೆ, ಅಷ್ಟರೊಳಗೆ ಎಷ್ಟು ಸ್ಕೂಟರುಗಳು ಅದರ ಮೇಲೆ ಜಾರಿರುತ್ತವೋ. ಒಡೆದವರೇ ಹೋಳುಗಳನ್ನು ಬದಿಗೆ ಎತ್ತಿಟ್ಟರೆ ಪೂಜೆಗೇನೂ ಲೋಪವಾಗುವುದಿಲ್ಲ.

ಆ ದಿನ ಮಾಪಿಗೂ ಬಕೆಟ್ಟಿಗೂ ಕುಂಕುಮ ಇಡುವ ಅಂಗಡಿಗಳಿವೆಯೇ ಎಂದು ಹುಡುಕುತ್ತೇನೆ. ಪೊರಕೆಯನ್ನು ಲಕ್ಷ್ಮಿಯೆಂದು ಕಾಲಲ್ಲಿ ತುಳಿಯದ ನಾವು ಪೂಜೆಯ ಸಾಲಿನಲ್ಲಿ ಅದನ್ನು ಕೂರಿಸುವುದು ಅಪರೂಪ. ಹಿಡಿದವಳಿಗೆ ಒಂದು ಜೊತೆ ರಬ್ಬರ್ ಗ್ಲೌಸ್ ಕೊಡುವುದು ಇನ್ನೂ ಅಪರೂಪ.

ಕೊಡಬೇಕಾದದ್ದು ಬಹಳವೇನೂ ಇಲ್ಲ. ಎರಡು ಬಕೆಟ್ಟು ಕೊಡಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಮಾಪು ಜಾಲಾಡಿಸಲು ನೀರು. ಚೆನ್ನಾಗಿ ಹಿಂಡಿದ ಮಾಪು ಬೇಕು, ಒಂದು ಟೇಬಲ್ ಫ್ಯಾನು ನೆಲದ ಕಡೆ ತಿರುಗಿರಲಿ. ಒಮ್ಮೆಗೆ ಅರ್ಧ ನೆಲ ಒರೆಸಿ, ಅಡ್ಡಲಾಗಿ ಹಗ್ಗ ಕಟ್ಟಿ, ಆ ಭಾಗ ಆರುವವರೆಗೆ ಗಿರಾಕಿಗಳನ್ನು ಇನ್ನರ್ಧದಲ್ಲಿ ಕಳುಹಿಸಿ. ಹಗ್ಗ ಬಿಚ್ಚಬೇಕಾದದ್ದು ಯಾವಾಗ ಎಂದು ಹೇಳುವ ಅಧಿಕಾರ ಗಲ್ಲಾದಲ್ಲಿ ಕೂತವರಿಗೆ ಬೇಡ, ಒರೆಸಿದವಳಿಗೆ ಇರಲಿ.