ಮಿನೆಸೋಟದಲ್ಲಿ ತೋಟ ಮಲಗಿಸುವ ಹೊತ್ತು

ಮಿನಿಯಾಪೊಲಿಸ್‌ಗೆ ಬಂದವರು ಜೂನ್‌ನಲ್ಲಿ ಲೇಕ್ ಹ್ಯಾರಿಯೆಟ್ ಪಕ್ಕದ ಲಿಂಡೇಲ್ ಪಾರ್ಕ್ ಗುಲಾಬಿ ತೋಟಕ್ಕೆ ಹೋಗ್ತಾರೆ, ಫೋಟೋ ತೆಗೀತಾರೆ. ನನಗೆ ಈ ಊರು ಇಷ್ಟವಾಗೋದು ಅಕ್ಟೋಬರ್‌ನಲ್ಲಿ, ಜನ ತಮ್ಮ ತೋಟಗಳನ್ನು ಮಲಗಿಸುವಾಗ.

ಅಕ್ಷರಶಃ ಮಲಗಿಸ್ತಾರೆ. ಪಕ್ಕದ ಮನೆಯ ಅಜ್ಜಿ ಗುಲಾಬಿ ಗಿಡದ ರೆಂಬೆಗಳನ್ನೆಲ್ಲ ಹಗ್ಗದಿಂದ ಒಟ್ಟಿಗೆ ಕಟ್ಟಿ, ಬುಡದ ಒಂದು ಬದಿಯ ಮಣ್ಣು ಸಡಿಲಿಸಿ, ಪಕ್ಕದಲ್ಲೇ ಉದ್ದಕ್ಕೆ ತೋಡಿದ ಗುಂಡಿಗೆ ಇಡೀ ಗಿಡವನ್ನು ಮೆಲ್ಲಗೆ ಬಾಗಿಸ್ತಾರೆ. ಮೇಲೆ ಮಣ್ಣು, ಅದರ ಮೇಲೆ ಒಣ ಎಲೆ. ಏಪ್ರಿಲ್‌ನಲ್ಲಿ ಮತ್ತೆ ಎತ್ತಿ ನಿಲ್ಲಿಸೋದು. ಈ ವಿಧಾನಕ್ಕೆ ‘ಮಿನೆಸೋಟ ಟಿಪ್’ ಅಂತಲೇ ಹೆಸರು. ಮೈನಸ್ 25 ಡಿಗ್ರಿ ನೋಡುವ ಊರಲ್ಲಿ ನಾಜೂಕಿನ ಗುಲಾಬಿ ಉಳಿಯಬೇಕು ಅಂದ್ರೆ ಹೀಗೇ ಏನಾದರೂ ಮಾಡಬೇಕು.

ಚಳಿಗಾಲ ಅಂದರೆ ಎಲ್ಲ ಗಿಡಕ್ಕೂ ಕಂಬಳಿ ಹೊದಿಸೋದು ಅಂದುಕೊಳ್ತೀವಲ್ಲ, ಹಾಗಲ್ಲ. ಟ್ಯೂಲಿಪ್‌ಗೆ ಚಳಿಯೇ ಬೇಕು. 12ರಿಂದ 16 ವಾರ ತಂಪಿನಲ್ಲಿ ಕಳೆದರೇನೇ ಅದು ಸರಿಯಾಗಿ ಹೂ ಬಿಡೋದು. ಬೆಂಗಳೂರಿನ ಬಾಲ್ಕನಿಯಲ್ಲಿ ಟ್ಯೂಲಿಪ್ ಒಂದು ವರ್ಷ ಅರಳಿ ಮರುವರ್ಷ ಮುನಿಸಿಕೊಳ್ಳೋದು ಇದಕ್ಕೇ. ಇಲ್ಲಿ ನೆಲ ಹೆಪ್ಪುಗಟ್ಟುವ ಮೊದಲೇ, ಚೂಪು ತುದಿ ಮೇಲೆ ಮಾಡಿ, 6ರಿಂದ 8 ಇಂಚು ಆಳದಲ್ಲಿ ಗೆಡ್ಡೆ ನೆಟ್ಟರೆ ಮುಗೀತು. ಅಳಿಲುಗಳು ಅಗೆಯದ ಹಾಗೆ ಮೇಲೊಂದು ತಂತಿ ಬಲೆ. ಡ್ಯಾಫೊಡಿಲ್‌ಗೆ ಅದೂ ಬೇಡ. ವಿಷದ ಗೆಡ್ಡೆ, ಅಳಿಲು ಮುಟ್ಟಲ್ಲ.

ನೆಲದಲ್ಲೇ ಉಳಿಯುವ ಬಹುವಾರ್ಷಿಕ ಗಿಡಗಳದ್ದು ಇನ್ನೊಂದು ಕತೆ. ಅವುಗಳನ್ನು ಕೆಡಿಸೋದು ಬರೀ ಚಳಿ ಅಲ್ಲ. ನಡುವೆ ಬಂದು ಹೋಗುವ ಬಿಸಿಲೂ ಹೌದು. ಮಣ್ಣು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಬೇರು ಮೇಲಕ್ಕೆ ಎದ್ದುಬಿಡತ್ತೆ. ಹಾಗಾಗಿ ನೆಲ ಪೂರ್ತಿ ಗಟ್ಟಿಯಾದ ಮೇಲೇ ಒಣಹುಲ್ಲು, ಎಲೆ ಹೊದಿಸಬೇಕು. ಚಳಿ ಒಳಗೆ ಬರದಿರಲಿ ಅಂತ ಅಲ್ಲ, ಒಳಗಿನ ಚಳಿ ಹೊರಗೆ ಹೋಗದಿರಲಿ ಅಂತ! ಪಿಯೋನಿಯ ಎಲೆಗಳನ್ನು ಕತ್ತರಿಸಿ ತೆಗೀತಾರೆ, ಇಲ್ಲದಿದ್ದರೆ ರೋಗ ಅದರಲ್ಲೇ ಉಳಿಯತ್ತೆ. ಕೋನ್‌ಫ್ಲವರ್ ಒಣಗಿದ್ದನ್ನು ಹಾಗೇ ಬಿಡಿ, ಹಕ್ಕಿಗಳು ಬೀಜ ತಿನ್ನೋಕೆ ಬರ್ತವೆ. ಎಲ್ಲ ಬೋಳಿಸಿ ಚೊಕ್ಕಟ ಮಾಡಿದ ಅಂಗಳ ಹಿಮದಲ್ಲಿ ಪಾರ್ಕಿಂಗ್ ಜಾಗದ ಥರ ಕಾಣತ್ತೆ.

ಇನ್ನು ಡೇಲಿಯಾ, ನಮ್ಮ ಮಲೆನಾಡಿನ ಡೇರೆ. ಇದಕ್ಕೆ ಚಳಿ ಆಗಲ್ಲ. ಮೊದಲ ಮಂಜಿಗೆ ಎಲೆ ಕಪ್ಪಾಗತ್ತೆ. ಆಮೇಲೆ ಕಾಂಡ ಗೇಣುದ್ದ ಉಳಿಸಿ ಕತ್ತರಿಸಿ, ಗೆಡ್ಡೆ ಮುರಿಯದ ಹಾಗೆ ಅಗೆದು, ಆರಿಸಿ, ಮರದ ಹೊಟ್ಟು ತುಂಬಿದ ಡಬ್ಬಿಯಲ್ಲಿ ನೆಲಮಾಳಿಗೆಯಲ್ಲಿಡಬೇಕು. 4ರಿಂದ 10 ಡಿಗ್ರಿ ಇದ್ದರೆ ಒಳ್ಳೇದು. ತಿಂಗಳಿಗೊಮ್ಮೆ ನೋಡಿ ಕೊಳೆತದ್ದನ್ನು ತೆಗೀಬೇಕು. ಸಾಗರದಿಂದ ಅಮ್ಮ ಫೋನ್ ಮಾಡಿದಾಗ “ಡೇರೆ ಗೆಡ್ಡೆ ಕಿತ್ತಿಟ್ಯೇನೋ?” ಅಂತ ಮೊದಲು ಕೇಳ್ತಾರೆ. ಅವರೂ ಕಿತ್ತಿಡುವವರೇ, ಮಳೆಗಾಲ ಕಳೆದ ಮೇಲೆ. ಮುಂದಿನ ಮಳೆ ಹಿಡಿಯುವ ಮುಂಚೆ ಮತ್ತೆ ನೆಡ್ತಾರೆ.

ಈ ಸಲ ನಾನು 50 ಟ್ಯೂಲಿಪ್ ಗೆಡ್ಡೆ ತರಿಸ್ತೀನಿ ಅಂದಾಗ ಹೆಂಡತಿ ಕ್ಯಾಲೆಂಡರ್ ತೋರಿಸಿದಳು. “ವೀಸಾ ಜನವರಿಗೆ ಮುಗಿಯತ್ತೆ, ಹೂ ಬರೋದು ಮೇಗೆ. ಐವತ್ತು ಯಾಕ್ರೀ?” ಆಫೀಸಿನಲ್ಲಿ ಆಗಲೇ ಎರಡು ಸುತ್ತು ಜನರನ್ನು ತೆಗೆದಾಗಿದೆ. “ಮನೆ ಮಾಲೀಕರು ನೋಡ್ತಾರೆ ಬಿಡು” ಅಂದೆ. ನಗಲಿಲ್ಲ ಅವಳು. 30ಕ್ಕೆ ಇಳಿಸಿದೆವು, ಒಂದು ಶನಿವಾರ ಇಬ್ಬರೂ ಕೂತು ನೆಟ್ಟೆವು. ಗುಂಡಿ ನಾನು ತೋಡಿದೆ, ಗೆಡ್ಡೆ ಇಟ್ಟವಳು ಅವಳೇ.

ಡೇರೆಯನ್ನು ಊರಿಗೆ ಒಯ್ಯೋಣ ಅಂದರೆ ಅದೂ ಸುಲಭ ಇಲ್ಲ. ನೆಡುವ ಗೆಡ್ಡೆ ಭಾರತಕ್ಕೆ ತರೋಕೆ ಆಮದು ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಎರಡೂ ಬೇಕು. ಅದಕ್ಕೆ ಡಬ್ಬಿಯ ಮೇಲೆ ಟೇಪ್ ಅಂಟಿಸಿ ಪಕ್ಕದ ಮನೆ ಅಜ್ಜಿಯ ಹೆಸರು ಬರೆದಿದ್ದೀನಿ. ನೆಲಮಾಳಿಗೆಯ ಬೀಗದ ಕೈ ಇನ್ನೊಂದು ಅವರ ಹತ್ತಿರವೇ ಇದೆ.