ಮನೆಬಿಟ್ಟ ಸಿದ್ಧಾರ್ಥ

ಮಲಗಿದ್ದ ಮಡದಿ-ಮಗುವನ್ನು ತೊರೆದು ಸಿದ್ಧಾರ್ಥನು ನಡುರಾತ್ರಿ ಹೊರಟನೆಂಬ ಕಥೆಯನ್ನು ಬಾಲ್ಯದಲ್ಲಿ ಕೇಳಿದಾಗಲೆಲ್ಲ ನನ್ನ ಮನಸ್ಸು ಯಶೋಧರೆಯ ಕಡೆಗೇ ಹರಿಯುತ್ತಿತ್ತು. ಬೆಳಗ್ಗೆ ಎದ್ದ ಆಕೆಗೆ ಯಾರು ಏನೆಂದು ಹೇಳಿದರೋ! 29 ವರ್ಷಗಳವರೆಗೆ ಮುಪ್ಪು, ರೋಗ, ಮರಣಗಳನ್ನೇ ಕಾಣದ ರಾಜಪುತ್ರನಿದ್ದನೆಂಬುದೂ ನಂಬಲು ಕಠಿಣವೇ. ಗೋವೆಯಲ್ಲಿ ಜನಿಸಿದ ಪಾಲಿ ವಿದ್ವಾಂಸ ಧರ್ಮಾನಂದ ಕೋಸಂಬಿಯವರು (1876–1947) ರೋಹಿಣಿ ನದಿಯ ನೀರಿಗಾಗಿ ಶಾಕ್ಯ-ಕೋಲಿಯರಲ್ಲಿ ಎದ್ದ ಕಲಹವೇ ಗೃಹತ್ಯಾಗಕ್ಕೆ ಕಾರಣವೆಂದು ತರ್ಕಿಸಿದರು. ‘ಬೋಧಿಸತ್ತ್ವ’ವೆಂಬ ಮರಾಠಿ ನಾಟಕವನ್ನೂ ಬರೆದರು. 1957ರಲ್ಲಿ ಪ್ರಕಟವಾದ ಅಂಬೇಡ್ಕರರ ಗ್ರಂಥದಲ್ಲಿಯೂ ಇದೇ ಎಳೆಯಿದೆ. ಅಲ್ಲಿ ಸಿದ್ಧಾರ್ಥನು ಎಲ್ಲರಿಗೂ ತಿಳಿಸಿಯೇ ಹೊರಡುತ್ತಾನೆ, ಯಶೋಧರೆ ತಡೆಯುವುದಿಲ್ಲ. ಇದೂ ಕಲ್ಪನೆಯೇ ಇದ್ದೀತು. ಆದರೆ ಪಾಲಿಯ ಅರಿಯಪರಿಯೇಸನ ಸುತ್ತದಲ್ಲಿ ಕುದುರೆಯಿಲ್ಲ, ಸಾರಥಿಯಿಲ್ಲ, ನಿದ್ರಿಸುವ ನಗರವಿಲ್ಲ. ತಾಯಿತಂದೆಗಳು ಅಳುತ್ತಿರುವಾಗಲೇ ಆತನು ಹೊರಡುತ್ತಾನೆ. ಊರು ಬಿಟ್ಟು ಪ್ರಸಾದನಿಲಯಕ್ಕೆ ಹೊರಟಂದು ಅವ್ವನ ಕಣ್ಣೀರನ್ನು ಕಂಡಿದ್ದ ನನಗೆ ಈ ಸಿದ್ಧಾರ್ಥನೇ ಹತ್ತಿರದವನು.