ಸಂಜೆಯ ಪ್ರಾರ್ಥನೆ ಮತ್ತು ಕುಂಬಳಕಾಯಿಯ ಏಲಂ

ನಮ್ಮ ಕರಾವಳಿಯಲ್ಲಿ ಅರುವತ್ತು ದಾಟಿದ ಇಬ್ಬರು ಜಗಲಿಯಲ್ಲಿ ಕೂತರೆ ಮಾತು ಮಳೆಯಿಂದ ಹೊರಟು, ಮಂಡಿನೋವನ್ನು ಹಾದು, ಅಡಿಕೆಯ ದರದ ಹತ್ತಿರ ಸ್ವಲ್ಪ ಹೊತ್ತು ತಂಗಿ, ದೀಪ ಹಾಕುವ ಹೊತ್ತಿಗೆ ವೀಲುನಾಮೆಗೆ ಬಂದು ಮುಟ್ಟುತ್ತದೆ. ಮನೆ ಯಾರಿಗೆ, ತೋಟ ಯಾರಿಗೆ, ಅಮ್ಮನ ಚಕ್ರಸರ ಯಾವ ಸೊಸೆಯ ಕುತ್ತಿಗೆಗೆ ಎಂಬ ಸ್ಥಾವರ ಜಂಗಮಗಳ ಮೀಮಾಂಸೆಯೆಲ್ಲ ಮುಗಿದ ಮೇಲೂ ನಮ್ಮಂಥ ಬಾಸೆಲ್ ಮಿಶನ್ ಮನೆತನದವರಲ್ಲಿ ಒಂದು ಪ್ರಶ್ನೆ ಬಾಕಿ ಇರುತ್ತದೆ. ‘ಮಕ್ಕಳು ಅಲ್ಲಿ ಚರ್ಚಿಗೆ ಹೋಗ್ತಾರಾ?’ ಅಲ್ಲಿ ಎಂದರೆ ದುಬಾಯಿಯೂ ಆಗಬಹುದು, ಬೆಂಗಳೂರೂ ಆಗಬಹುದು. ತೋಟದ ಗಡಿಯನ್ನು ಬೆರಳಲ್ಲಿ ಗೆರೆ ಎಳೆದು ತೋರಿಸಿದವರೂ ಇಲ್ಲಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಈ ಪ್ರಶ್ನೆ ನಮಗೆ ದೊಡ್ಡದೇ. ಯಾಕೆಂದರೆ ಆಸ್ತಿ ಮತ್ತು ವಿಶ್ವಾಸ ನಮ್ಮ ಹಿರಿಯರ ಮನೆಗೆ ಒಟ್ಟಿಗೆ ಬಂದವಲ್ಲ. ಎಷ್ಟೋ ಕಡೆ ಒಂದು ಒಳಗೆ ಬರುವಾಗ ಇನ್ನೊಂದು ಹೊರಟುಹೋಗಿತ್ತು. 1834ರಲ್ಲಿ ಬಾಸೆಲ್ ಮಿಶನ್ನಿನ ಸಾಮ್ಯುವೆಲ್ ಹೆಬಿಕ್ ಮತ್ತು ಅವರ ಇಬ್ಬರು ಜೊತೆಗಾರರು ಮಂಗಳೂರಿಗೆ ಬಂದಿಳಿದರು. ಮುಂದಿನ ವರ್ಷಗಳಲ್ಲಿ ಅವರ ಕೈಯಿಂದ ದೀಕ್ಷಾಸ್ನಾನ ಪಡೆದವರಲ್ಲಿ ಬಿಲ್ಲವರು ಬಹಳ. ಬಿಲ್ಲವರದು ಆಗ ಅಳಿಯಕಟ್ಟು, ಆಸ್ತಿ ಇಳಿಯುತ್ತಿದ್ದದ್ದು ತಾಯಿಯ ಕಡೆಯಿಂದ. ಆ ಕುಟುಂಬದಿಂದ ಹೊರಬಿದ್ದವನಿಗೆ ಮಾವನ ಮನೆಯ ಅಂಗಳವೂ ಇಲ್ಲ, ಗದ್ದೆಯೂ ಇಲ್ಲ, ಕುಲಕಸುಬೂ ಇಲ್ಲ. ಮತ ಬಿಟ್ಟವನ ವಾರಸು ಹಕ್ಕು ಹೋಗಬಾರದೆಂದು ಕಂಪನಿ ಸರಕಾರ 1850ರಲ್ಲಿ ಕಾಯಿದೆ ಮಾಡಿತು ಅನ್ನಿ, ಆದರೆ ಕಾಯಿದೆಯೊಂದು ಕಲ್ಕತ್ತೆಯಿಂದ ಹೊರಟು ಗದ್ದೆಯ ಹುಣಿಯ ತನಕ ನಡೆದು ಬರುವಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತದೆ. ಹೀಗೆ ಬರಿಗೈಯಾದವರ ಹೊಟ್ಟೆಗೆ ದಾರಿಯಾಗಬೇಕೆಂದೇ ಮಿಶನ್ ಮಗ್ಗ ಹಾಕಿಸಿತು, 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಅವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಊರಿಗೆಲ್ಲ ಮಾಡು ಹೊದಿಸಿದ ಆ ಕೆಂಪು ಹಂಚನ್ನು ಅಚ್ಚೊತ್ತಿದವರಲ್ಲಿ ಎಷ್ಟೋ ಮಂದಿಗೆ ಮಕ್ಕಳಿಗೆ ಬಿಟ್ಟುಹೋಗಲು ಒಂದು ಬೈಬಲೂ ಒಂದು ಸಂಜೆಯ ಪ್ರಾರ್ಥನೆಯೂ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ನನಗೆ ಆ ಪ್ರಾರ್ಥನೆ ಸಿಕ್ಕಿದ್ದು ಅಜ್ಜಿಯಿಂದ. ಏಳು ಗಂಟೆಗೆ ಚಾಪೆ ಬಿಡಿಸುವುದು, ಲಾಟೀನಿನ ಬತ್ತಿ ಏರಿಸುವುದು, ಒಂದು ಕೀರ್ತನೆ, ಒಂದು ಅಧ್ಯಾಯ, ಆಮೇಲೆ ಅಜ್ಜಿಯ ಪ್ರಾರ್ಥನೆ. ಒಳಗೆ ಒಲೆಯ ಮೇಲೆ ಕುಚ್ಚಿಲಕ್ಕಿ ಗಂಜಿ, ಕೆಂಡದ ಮೇಲೆ ಒಣಮೀನು. ಹೊಟ್ಟೆ ಹಸಿದ ಹುಡುಗನಿಗೆ ದೇವರ ಸನ್ನಿಧಿ ಮತ್ತು ಒಣಮೀನಿನ ಪರಿಮಳ ಬೇರೆಬೇರೆ ಎಂದು ಹೇಳಿದರೆ ಅರ್ಥವಾಗುವ ಮಾತಲ್ಲ. ಪ್ರಾರ್ಥನೆ ದೀರ್ಘ. ಅದರಲ್ಲಿ ಹೆಸರುಗಳೇ ಹೆಚ್ಚು. ಮುಂಬೈಗೆ ಹೋದ ಚಿಕ್ಕಪ್ಪ, ಬಾಣಂತಿ ಅತ್ತೆ, ಪರೀಕ್ಷೆಗೆ ಕೂತ ನಾವು ಮಕ್ಕಳು, ಸಭಾಪಾಲಕರು, ಕರು ಹಾಕಲಿರುವ ದನ, ಸರಕಾರ ನಡೆಸುವವರು. ಒಂದು ದಿನ ಮಧ್ಯಾಹ್ನ ಬೇಲಿಯನ್ನು ಒಂದು ಗೇಣು ಈಚೆಗೆ ಸರಿಸಿದ ನೆರೆಮನೆಯವರೊಡನೆ ಅಜ್ಜಿ ಊರಿಗೆ ಕೇಳುವ ಹಾಗೆ ಜಗಳವಾಡಿದ್ದರು. ಸಂಜೆ ಅದೇ ಬಾಯಲ್ಲಿ ಅವರ ಹೆಸರೂ ಬಂತು. ನನಗೆ ತಡೆಯಲಾಗಲಿಲ್ಲ, ಗಂಜಿಯ ಬಟ್ಟಲ ಮುಂದೆ ಕೇಳಿಯೇಬಿಟ್ಟೆ: ‘ಅಜ್ಜಿ, ಅವರಿಗೆ ಯಾಕೆ?’ ಅಜ್ಜಿ ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದರು: ‘ಬೇಲಿಯ ಮಾತು ನಾಳೆ ಬೆಳಿಗ್ಗೆ ಇದ್ದೇ ಇದೆ ಮಗಾ. ಅವರ ಮಗುವಿಗೆ ಮೂರು ದಿನದಿಂದ ಜ್ವರ ಅಲ್ವಾ?’

ಭಾನುವಾರ ಶಾಲೆಯಲ್ಲಿ ವೈರಿಯನ್ನು ಪ್ರೀತಿಸುವ ಪಾಠವನ್ನು ನಾನು ಬಾಯಿಪಾಠ ಮಾಡಿದ್ದೆ, ಬಹುಮಾನಕ್ಕೆ ಬಣ್ಣದ ಚಿತ್ರವೂ ಸಿಕ್ಕಿತ್ತು. ಚಿತ್ರ ಎಲ್ಲಿ ಹೋಯಿತೋ ತಿಳಿಯದು. ಆ ಮುಳ್ಳು ಬಿಡಿಸುವ ಕೈ ಮಾತ್ರ ಇವತ್ತಿಗೂ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ.

ಬೈಬಲನ್ನು ತೆರೆದು ನೋಡಿದರೆ ಅಲ್ಲಿಯೂ ಮಕ್ಕಳು ಪ್ರಶ್ನೆ ಕೇಳುವುದಕ್ಕೇ ಮೊದಲ ಮಣೆ. ಯೊರ್ದನ್ ಹೊಳೆ ದಾಟುವಾಗ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಹೊರಿಸಿ ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದ್ದು, ಮುಂದೆ ಮಕ್ಕಳು ಈ ಕಲ್ಲು ಏನು ಎಂದು ಕೇಳಲಿ, ಹಿರಿಯರು ಹೇಳಲಿ ಎಂದು. ಪಸ್ಕದ ಊಟದಲ್ಲೂ ಹಾಗೆಯೇ, ಮಗು ಕೇಳುತ್ತದೆ, ತಂದೆ ಹೇಳುತ್ತಾನೆ. ಧರ್ಮೋಪದೇಶಕಾಂಡವಂತೂ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಡನೆ ಮಾತಾಡಿ ಎನ್ನುತ್ತದೆ. ಅದಕ್ಕೆಂದು ಬೇರೆ ಹೊತ್ತು ಗೊತ್ತುಮಾಡಲಿಲ್ಲ. ಇಷ್ಟಾಗಿಯೂ ನ್ಯಾಯಸ್ಥಾಪಕರ ಪುಸ್ತಕಕ್ಕೆ ಬರುವಷ್ಟರಲ್ಲಿ, ಯೆಹೋಶುವನ ಕಾಲದವರು ತೀರಿಕೊಂಡ ಬೆನ್ನಿಗೇ, ದೇವರನ್ನೂ ಆತನ ಕಾರ್ಯಗಳನ್ನೂ ಅರಿಯದ ಒಂದು ಸಂತತಿ ಎದ್ದಿತು. ಆ ವಾಕ್ಯ ಓದುವಾಗೆಲ್ಲ ನನ್ನ ಎದೆ ಸ್ವಲ್ಪ ನಡುಗುತ್ತದೆ. ಕಲ್ಲುಗಳು ಅಲ್ಲೇ ಇದ್ದಿರಬೇಕು. ಕೇಳುವ ಮಗುವಿನ ಪಕ್ಕದಲ್ಲಿ ಕೂರುವವರು ಇದ್ದರೋ ಇಲ್ಲವೋ. ಇನ್ನೊಂದು ಕಡೆ ತಿಮೊಥೆಯನನ್ನು ನೋಡಿ: ತಂದೆ ಗ್ರೀಕನು, ಊರಿನಲ್ಲಿ ಅನ್ಯದೇವರುಗಳು, ಆದರೂ ಪೌಲನು ಆ ಹುಡುಗನ ನಂಬಿಕೆಯ ಬೇರು ಹುಡುಕುತ್ತ ಹೋಗಿ ಮುಟ್ಟುವುದು ಲೋವಿ ಎಂಬ ಅಜ್ಜಿಯನ್ನು, ಯೂನಿಕೆ ಎಂಬ ತಾಯಿಯನ್ನು. ಅವರು ಏನು ಉಪದೇಶ ಮಾಡಿದರೆಂದು ಪೌಲನು ಬರೆಯಲಿಲ್ಲ. ನಂಬಿಕೆ ಅವರಲ್ಲಿ ವಾಸವಾಗಿತ್ತು ಎಂದು ಬರೆದ.

ಹೀಗೆ ಉಪದೇಶವಿಲ್ಲದೆ ನಂಬಿಕೆ ಮಕ್ಕಳಿಗೆ ದಾಟುವುದು ಮನೆಯಿಂದ ಹೊರಗೆ ನನಗೆ ಕಂಡದ್ದು ಚರ್ಚಿನ ಬೆಳೆಹಬ್ಬದಲ್ಲಿ. ಆ ಭಾನುವಾರ ವೇದಿಕೆಯ ಮುಂದೆ ಬಾಳೆಗೊನೆ, ತೆಂಗಿನಕಾಯಿ, ಹರಿವೆ, ಕಾಲು ಕಟ್ಟಿದ ಹೇಂಟೆ, ಬುಟ್ಟಿಯಲ್ಲಿ ಮೊಟ್ಟೆ, ಎಲ್ಲ ರಾಶಿ ಬೀಳುತ್ತದೆ. ಆರಾಧನೆ ಮುಗಿದ ಮೇಲೆ ಏಲಂ. ಒಂದು ಕುಂಬಳಕಾಯಿಯನ್ನು ಯಾರೋ ಕೂಗಿ ಕೊಳ್ಳುತ್ತಾರೆ, ದುಡ್ಡು ಕೊಡುತ್ತಾರೆ, ಕಾಯಿಯನ್ನು ಮತ್ತೆ ಮೇಜಿನ ಮೇಲೇ ಇಡುತ್ತಾರೆ. ಅದು ಮರಳಿ ಏಲಂ ಆಗುತ್ತದೆ, ಇನ್ನೊಬ್ಬರು ಕೊಂಡು ಮತ್ತೆ ಅಲ್ಲಿಗೇ ಇಡುತ್ತಾರೆ. ಅರ್ಥಶಾಸ್ತ್ರದ ಯಾವ ಸೂತ್ರಕ್ಕೂ ಒಗ್ಗದ ಈ ವ್ಯಾಪಾರವನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕೊಟ್ಟದ್ದು ಮುಗಿಯುವುದಿಲ್ಲ, ಕೊಡುವುದು ಸಂತೋಷದ ಕೆಲಸ ಎಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಪರವೂರಿನಿಂದ ರಜೆಗೆ ಬಂದ ಮಗುವೊಂದು ತನ್ನ ಕಿಸೆಯ ಇಪ್ಪತ್ತು ರೂಪಾಯಿಗೆ ಒಂದೇ ಒಂದು ಮೊಟ್ಟೆಯನ್ನು ಕೂಗಿ ಕೊಂಡು, ಎರಡು ಕೈಯಲ್ಲೂ ಹಿಡಿದುಕೊಂಡು ಹೋಗಿ ವಾಪಸ್ ಇಟ್ಟದ್ದನ್ನು ನಾನು ನೋಡಿದ್ದೇನೆ.

ಈಗ ನಮ್ಮ ಸಭೆಯಲ್ಲಿ ಒಂದು ಚರ್ಚೆ ನಡೆದಿದೆ. ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ; ಕನ್ನಡದ ಕೀರ್ತನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕಿಸೋಣವೇ, ಬೇಡವೇ? ಹಿರಿಯರಲ್ಲಿ ಕೆಲವರಿಗೆ ನೋವು, ನನಗೆ ಅರ್ಥವಾಗುತ್ತದೆ. 70,000 ಪದಗಳ ಕನ್ನಡ ನಿಘಂಟನ್ನು 1894ರಲ್ಲಿ ನಮ್ಮ ಕೈಗಿಟ್ಟ, ಬಾಸೆಲ್ ಮಿಶನ್ನಿನ ಕಿಟೆಲರ ಪರಂಪರೆ ನಮ್ಮದು. ಆದರೆ ಅದೇ ಕಿಟೆಲರು 1862ರಲ್ಲಿ ‘ಕಥಾಮಾಲೆ’ ಬರೆದಾಗ ಕ್ರಿಸ್ತನ ಕಥೆಯನ್ನು ಜರ್ಮನ್ ರಾಗಕ್ಕೆ ಕಟ್ಟದೆ ಇಲ್ಲಿನ ಛಂದಸ್ಸಿಗೆ, ಇಲ್ಲಿನ ಬಾಯಿಗೆ ಹೊಂದಿಸಿದರು. ಪರದೇಶದಿಂದ ಬಂದವರು ನಮ್ಮ ನಾಲಿಗೆಗೆ ಅಷ್ಟು ಗೌರವ ಕೊಟ್ಟಿರುವಾಗ ನಮ್ಮದೇ ಮಕ್ಕಳ ಕಣ್ಣಿಗೆ ನಾವು ಇಷ್ಟು ಸಲಿಗೆ ಕೊಡಬಾರದೇ? ಅಕ್ಷರ ಯಾವುದಾದರೂ ಇರಲಿ, ಮಗು ಅಜ್ಜನ ಪಕ್ಕದಲ್ಲಿ ನಿಂತು ಅದೇ ಕೀರ್ತನೆ ಹಾಡಲಿ ಎಂಬುದು ನನ್ನ ಪಕ್ಷ. ಫೋನಿನಲ್ಲಿ ‘ಚರ್ಚಿಗೆ ಹೋದಿಯಾ?’ ಎಂದು ವಿಚಾರಣೆ ಮಾಡುವುದಕ್ಕಿಂತ, ‘ನಿನ್ನ ಹೆಸರು ಇವತ್ತೂ ಹೇಳಿದೆ ಮಗಾ, ನಿನ್ನ ಗೆಳೆಯನ ಅಮ್ಮನ ಆಪರೇಶನ್ ಏನಾಯ್ತು, ಅವರ ಹೆಸರೂ ಹೇಳ್ಬೇಕು’ ಎಂದರೆ ಆ ಕಡೆಯಿಂದ ಮಾತು ಮುಂದುವರಿಯುತ್ತದೆ. ಮುಂದುವರಿಯದ ಮನೆಗಳೂ ಇವೆ. ಆ ತಂದೆತಾಯಿಯರ ಕಣ್ಣೀರನ್ನು ಯಾರೂ ಅಳೆಯಲು ಹೋಗಬಾರದು. ನಂಬಿಕೆ ಹುಟ್ಟಿಸುವುದು ದೇವರ ಕೆಲಸ, ನಮ್ಮ ಕೆಲಸ ಚಾಪೆ ಬಿಡಿಸುವುದು.

ಈ ಸಲದ ಬೆಳೆಹಬ್ಬದಲ್ಲಿ ಏಲಂ ಕೂಗುವ ಕೆಲಸವನ್ನು ರಜೆಗೆ ಬಂದ ಮಕ್ಕಳಿಗೇ ಕೊಡಿ ಎಂದು ಸಭಾಪಾಲಕರನ್ನು ಕೇಳಿದ್ದೇನೆ. ಕನ್ನಡ ತೊದಲಿದರೆ ತುಳುವಿನಲ್ಲಿ ಕೂಗಲಿ, ಅದೂ ಬಾರದಿದ್ದರೆ ಬರೀ ಬೆರಳೆತ್ತಿ ಎಣಿಸಲಿ. ಅಯ್ಯನವರು ಒಪ್ಪಿದ್ದಾರೆ, ಕುಂಬಳಕಾಯಿ ನಮ್ಮ ಮನೆಯಿಂದ.